ಮೊದಲು ಸಮವಿಭವ ರೇಖೆ, ಆಮೇಲೆ ಬಾಣ

ಸಾನಮಾವಿನ ಕಾಡಂಚಿನ ಮಕ್ಕಳಿಗೆ ಕರೆಂಟಿನ ಭಯವನ್ನು ನಾವು ಹೇಳಿಕೊಡಬೇಕಾಗಿಲ್ಲ. ರಾಗಿ ತೆನೆಗಟ್ಟುವ ಕಾಲಕ್ಕೆ ಆನೆ ಇಳಿಯುತ್ತವೆ, ಬೇಲಿಯ ಮಾತು ಬರುತ್ತದೆ. ಮಳೆಗಾಳಿಗೆ ತಂತಿ ಕಡಿದು ಬಿದ್ದರೆ ಅತ್ತ ಹೋಗಬೇಡ ಅಂತ ಮನೆಯಲ್ಲೇ ಗದರುತ್ತಾರೆ. ‘ತಂತಿ ಮುಟ್ಟದೆ ಇದ್ದರೂ ಹಸು ಸಾಯುತ್ತಲ್ಲ, ಯಾಕೆ ಸಾರ್?’ ಅಂತ ಒಬ್ಬ ಹುಡುಗ ಕೇಳಿದ. ನಾನು ಹಲಗೆಯ ಮೇಲೆ ಬರೆದಿದ್ದ ಬಾಣಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ನಾವೆಲ್ಲ ಬಾಣದಿಂದಲೇ ಶುರು ಮಾಡುತ್ತೇವೆ. ಪ್ಲಸ್‌ನಿಂದ ಹೊರಟು ಮೈನಸ್‌ಗೆ ಸೇರುವ ಕ್ಷೇತ್ರ ರೇಖೆ ಬರೆಸಿ, ಸಮವಿಭವ ರೇಖೆಯನ್ನು ಕೊನೆಗೆ ಎರಡು ವಾಕ್ಯದಲ್ಲಿ ಮುಗಿಸುತ್ತೇವೆ. ಇದು ತಿರುವುಮುರುವು ಅಂತ ನನ್ನ ಅಭಿಪ್ರಾಯ. ಮಲ್ಟಿಮೀಟರು ತೋರಿಸುವುದು ವೋಲ್ಟೇಜನ್ನು, ಕ್ಷೇತ್ರ ರೇಖೆಯನ್ನಲ್ಲ. ಅಳೆಯಬಹುದಾದದ್ದನ್ನು ಮೊದಲು ಅಳೆಸೋಣ.

ಪ್ಲಾಸ್ಟಿಕ್ ಟ್ರೇ ಸಾಕು (ಸ್ಟೀಲ್ ತಟ್ಟೆ ಬೇಡ, ಕರೆಂಟನ್ನು ಅದೇ ಒಯ್ದುಬಿಡುತ್ತೆ). ಒಂದು ಸೆಂಟಿಮೀಟರ್ ನಲ್ಲಿ ನೀರು, ಎರಡು ಲೋಹದ ಪಟ್ಟಿ, 9 ವೋಲ್ಟ್ ಬ್ಯಾಟರಿ. ಮನೆಯ ಕರೆಂಟು ಯಾವ ಕಾರಣಕ್ಕೂ ಬೇಡ. ಮೀಟರಿನ ಒಂದು ತುದಿ ಮೈನಸ್ ಪಟ್ಟಿಗೆ, ಇನ್ನೊಂದು ನೀರಿನಲ್ಲಿ. 2 ವೋಲ್ಟ್ ಬರುವ ಜಾಗಗಳನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಗುರುತಿಸಿ ಸೇರಿಸಿದರೆ ಒಂದು ರೇಖೆ. ಆಮೇಲೆ 3, 4, 5.

ಈಗ ಬಾಣ. ಪ್ಲಸ್ ಪಟ್ಟಿಯಿಂದ ನೇರ ಲಂಬವಾಗಿ ಹೊರಡಬೇಕು, ಎದುರಾಗುವ ಪ್ರತಿ ರೇಖೆಯನ್ನೂ 90 ಡಿಗ್ರಿಯಲ್ಲೇ ದಾಟಬೇಕು. ಯಾಕೆ 90? ಕ್ಷೇತ್ರದ ಸ್ವಲ್ಪ ಭಾಗ ರೇಖೆಯ ಉದ್ದಕ್ಕೆ ಇದ್ದಿದ್ದರೆ ಅಲ್ಲಿ ವೋಲ್ಟೇಜು ಬದಲಾಗಬೇಕಿತ್ತು, ಅದು ಸಮವಿಭವ ರೇಖೆಯೇ ಆಗುತ್ತಿರಲಿಲ್ಲ. ಇಳಿಜಾರು ಹೊಲದಲ್ಲಿ ಸಮಮಟ್ಟಕ್ಕೆ ಹಾಕಿದ ಬದುವಿಗೆ ಮಳೆನೀರು ಅಡ್ಡವಾಗಿ ಬಂದು ಬಡಿಯುವುದನ್ನು ನಮ್ಮ ಮಕ್ಕಳು ನೋಡಿಯೇ ಇರುತ್ತಾರೆ. ಒಂದು ವೋಲ್ಟಿನ ಅಂತರ 2 ಸೆಂಟಿಮೀಟರಿಗೆ ಸಿಕ್ಕರೆ ಕ್ಷೇತ್ರ ಮೀಟರಿಗೆ 50 ವೋಲ್ಟ್, 1 ಸೆಂಟಿಮೀಟರಿಗೇ ಸಿಕ್ಕರೆ 100. ಸ್ಕೇಲು ಮಾತ್ರ ಕಿತ್ತಿಟ್ಟುಕೊಳ್ಳಿ, ಇಲ್ಲವಾದರೆ ಮುರುಕು ಗೆರೆ ಎಳೆಯುತ್ತಾರೆ.

ಟ್ರೇ ಅಂಚಿನಲ್ಲಿ ಚಿತ್ರ ಪುಸ್ತಕದಂತೆ ಬರುವುದಿಲ್ಲ. ಕರೆಂಟು ಪ್ಲಾಸ್ಟಿಕ್ ಗೋಡೆ ದಾಟಲಾರದು, ಆದ್ದರಿಂದ ಬಾಣ ಗೋಡೆಗುಂಟ ಮಲಗುತ್ತದೆ. ಒಂದು ಹುಡುಗಿ ಹಾಗೇ ಬರೆದಿದ್ದಳು. ನಾನು ಅಳಿಸಿ ಪುಸ್ತಕದ್ದನ್ನು ಬರೆಸಿದೆ. ಅವಳದ್ದೇ ಸರಿ ಇತ್ತು.

ಹಸುವಿನ ಪ್ರಶ್ನೆಗೆ ಬರೋಣ. ಟ್ರೇ ನಡುವೆ ಒಂದು ಮೊಳೆ, ಸುತ್ತ ಲೋಹದ ಬಳೆ ಇಟ್ಟು ಅಳೆದರೆ ಸಮವಿಭವ ರೇಖೆಗಳು ಉಂಗುರ ಉಂಗುರವಾಗಿ ಬರುತ್ತವೆ, ಮೊಳೆಯ ಹತ್ತಿರ ಒತ್ತೊತ್ತಾಗಿ. ತಂತಿ ಬಿದ್ದ ನೆಲದ ನಕ್ಷೆಯೂ ಸುಮಾರಾಗಿ ಇದೇ ಬಗೆ, ಅಲ್ಲಿ ಕರೆಂಟು ಆಳಕ್ಕೂ ಇಳಿಯುತ್ತೆ ಅಷ್ಟೆ. ಲೆಕ್ಕಕ್ಕೆ, ತಂತಿಯಿಂದ ಒಂದೂವರೆ ಮೀಟರಿನಲ್ಲಿ 400 ವೋಲ್ಟ್, ಎರಡರಲ್ಲಿ 300, ಮೂರರಲ್ಲಿ 200 ಅನ್ನಿ. ಅತ್ತ ಅರ್ಧ ಮೀಟರ್ ಹೆಜ್ಜೆ ಇಟ್ಟ ಮನುಷ್ಯನ ಎರಡು ಕಾಲಿನ ನಡುವೆ 100 ವೋಲ್ಟ್. ತಂತಿಗೆ ಮುಖ ಮಾಡಿ ನಿಂತ ಹಸುವಿನ ಮುಂಗಾಲು ಹಿಂಗಾಲಿನ ನಡುವೆ 200, ದಾರಿಯಲ್ಲಿ ಹೃದಯ. ಅದೇ ಹಸು ಉಂಗುರದ ಗುಂಟ ಅಡ್ಡಕ್ಕೆ ನಿಂತಿದ್ದರೆ ವ್ಯತ್ಯಾಸ ತೀರಾ ಕಡಿಮೆ. ಅಂಥ ಜಾಗದಲ್ಲಿ ಸಿಕ್ಕಿಬಿದ್ದವರು ಓಡದೆ, ಎರಡೂ ಪಾದ ಜೋಡಿಸಿಕೊಂಡು, ನೆಲದಿಂದ ಎತ್ತದೆ ಪುಟ್ಟ ಪುಟ್ಟದಾಗಿ ಸರಿಯುತ್ತಾ ದೂರ ಹೋಗಬೇಕು ಅನ್ನುವುದು ಈ ನಕ್ಷೆಯಿಂದಲೇ ಬಂದದ್ದು.

ಇದಕ್ಕೆಲ್ಲ ಎರಡು ಪೀರಿಯಡ್ ಬೇಕು. ಬಾಣದ ಚಿತ್ರ ನಕಲು ಮಾಡಿಸುವ ಪೀರಿಯಡನ್ನು ಇದಕ್ಕೇ ಕೊಟ್ಟುಬಿಡಿ.