ವಾಲ್ವಿನ ಆಯುಷ್ಯ: ಹಳೆಯದೆಂಬ ಮಾತ್ರಕ್ಕೆ ಹೊನ್ನೇ?

ಟ್ರಾನ್ಸಿಸ್ಟರ್ ಬಂದು ದಶಕಗಳೇ ಸಂದರೂ ಮನೆಯ ಸಂಗೀತ ಆಂಪ್ಲಿಫೈಯರ್‌ಗಳಲ್ಲಿ ವಾಲ್ವ್ ಇನ್ನೂ ಉಳಿದುಕೊಂಡಿದೆ. ಹಳೆಯ ತಯಾರಿಕೆಯ ವಾಲ್ವ್ ದೀರ್ಘಾಯು, ಹೊಸದು ಅಲ್ಪಾಯು ಎಂಬ ನಂಬಿಕೆ ಅದರ ಪೇಟೆಯಲ್ಲಿ ಬೇರೂರಿದೆ. ಇಂಗ್ಲೆಂಡಿನ ಮಲ್ಲಾರ್ಡ್, ಜರ್ಮನಿಯ ಟೆಲಿಫುಂಕನ್ ಮುದ್ರೆಯ ಹಳೆಯ ದಾಸ್ತಾನಿಗೆ ಹೊಸದರ ಹಲವು ಪಟ್ಟು ಬೆಲೆಯಿದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ಆರಂಭಿಸಿದ ವಾಲ್ವ್ ಉತ್ಪಾದನೆಯ ಉಳಿಕೆಯನ್ನೂ ಹುಡುಕಿ ಕೊಳ್ಳುವವರಿದ್ದಾರೆ. ಈ ನಂಬಿಕೆಯಲ್ಲಿ ಸತ್ಯಾಂಶವಿದೆ, ಪೂರ್ಣ ಸತ್ಯವಿಲ್ಲ.

ವಾಲ್ವಿನ ಆಯುಷ್ಯವು ಮುಖ್ಯವಾಗಿ ಕ್ಯಾಥೋಡಿನ ಲೋಹದ ಶುದ್ಧತೆ, ಅದರ ಮೇಲಿನ ಆಕ್ಸೈಡ್ ಲೇಪನ ಹಾಗೂ ಒಳಗಿನ ನಿರ್ವಾತವನ್ನು ಅವಲಂಬಿಸಿದೆ. ಹಿಂದೆ ಸೇನೆ ಮತ್ತು ದೂರವಾಣಿ ಇಲಾಖೆಗಳೇ ದೊಡ್ಡ ಗ್ರಾಹಕರಾಗಿದ್ದು, ಈ ಅಂಶಗಳ ಬಗ್ಗೆ ಕಟ್ಟುನಿಟ್ಟಿನ ಪರೀಕ್ಷೆ ಬಯಸುತ್ತಿದ್ದರು. ಇ88ಸಿಸಿಯಂತಹ ವಿಶೇಷ ದರ್ಜೆಯ ವಾಲ್ವುಗಳನ್ನು 10,000 ಗಂಟೆಗಳ ಆಯುಷ್ಯದ ಗುರಿಯೊಂದಿಗೆ ತಯಾರಿಸಲಾಗುತ್ತಿತ್ತು. 1956ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ದೂರವಾಣಿ ಕೇಬಲ್ಲು ವಾಲ್ವ್ ಆಂಪ್ಲಿಫೈಯರ್‌ಗಳ ಬಲದಿಂದಲೇ 1978ರವರೆಗೆ ಸೇವೆ ಸಲ್ಲಿಸಿತು. ಆದರೆ ಅಗ್ಗದ ರೇಡಿಯೋಗಳಿಗೆಂದು ತಯಾರಾದ ವಾಲ್ವುಗಳಿಗೆ ಈ ಕೀರ್ತಿ ಸಲ್ಲದು. ಹಳೆಯದೆಲ್ಲ ಒಂದೇ ದರ್ಜೆಯದಲ್ಲ.

ಇಂದು ಉತ್ಪಾದನೆಯು ಸ್ಲೋವಾಕಿಯ, ರಷ್ಯ ಮತ್ತು ಚೀನಾದ ಕೆಲವೇ ಕಾರ್ಖಾನೆಗಳಲ್ಲಿ ಕೇಂದ್ರೀಕೃತವಾಗಿದೆ. ಗ್ರಾಹಕರು ಬಹುಪಾಲು ಸಂಗೀತಾಸಕ್ತರು ಮತ್ತು ಗಿಟಾರ್ ವಾದಕರು. ಹಳೆಯ ಕಾರ್ಖಾನೆಗಳು ಮುಚ್ಚಿದಾಗ ನುರಿತ ಕೈಗಳೂ ಚದುರಿಹೋದವು. ಆದ್ದರಿಂದ ಹೊಸ ಸರಕಿನ ಮುಖ್ಯ ದೋಷ ಅಲ್ಪಾಯುಷ್ಯಕ್ಕಿಂತ ಹೆಚ್ಚಾಗಿ ಅಸಮತೆ: ಒಂದು ವರ್ಷಗಟ್ಟಲೆ ಬಾಳಿದರೆ, ಅದೇ ಪೆಟ್ಟಿಗೆಯ ಮತ್ತೊಂದು ಬೇಗನೆ ಸೋಲುತ್ತದೆ.

ಹಾಗೆಂದು ಎಲ್ಲ ದೋಷವನ್ನೂ ತಯಾರಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಎಲ್84 ವಾಲ್ವಿನ ಮೂಲ ವಿವರಣೆಯಲ್ಲಿ ಆನೋಡಿಗೆ 300 ವೋಲ್ಟ್ ಮತ್ತು 12 ವ್ಯಾಟ್ ಮಿತಿ ಹೇಳಿದೆ. ಆ ಮಿತಿ ಮೀರಿ ದುಡಿಸುವ ಆಂಪ್ಲಿಫೈಯರ್‌ನಲ್ಲಿ ಯಾವ ಮುದ್ರೆಯ ವಾಲ್ವೂ ಬಾಳದು. 220 ವೋಲ್ಟಿಗೆ ಹೊಂದಿಸಿದ ಹಳೆಯ ಉಪಕರಣಕ್ಕೆ 240 ವೋಲ್ಟ್ ದೊರೆತರೆ, 6.3 ವೋಲ್ಟಿನ ಹೀಟರಿಗೆ ಸುಮಾರು 6.9 ವೋಲ್ಟ್ ತಲಪುತ್ತದೆ. ಇದರಿಂದ ಕ್ಯಾಥೋಡು ಬೇಗ ಸವೆಯುತ್ತದೆ.

ವ್ಯಾಪಾರಿಯು ಮಾರಬೇಕಾದುದು ಮುದ್ರೆಯನ್ನಲ್ಲ, ಪರೀಕ್ಷೆಯ ಫಲಿತಾಂಶವನ್ನು. ಬಳಸಿದ ವಾಲ್ವನ್ನು ಒರೆಸಿ ಹೊಸ ಪೆಟ್ಟಿಗೆಯಲ್ಲಿಡುವುದು, ಒಂದರ ಮೇಲೆ ಮತ್ತೊಂದರ ಮುದ್ರೆ ಒತ್ತುವುದು ಇಡೀ ಪೇಟೆಯ ವಿಶ್ವಾಸವನ್ನೇ ಕೆಡಿಸುತ್ತದೆ. ಪ್ರತಿ ವಾಲ್ವಿನ ಮಾಪನವನ್ನು ಚೀಟಿಯಲ್ಲಿ ಬರೆದು, ನಿಗದಿತ ಅವಧಿಯ ಖಾತರಿಯೊಂದಿಗೆ ಮಾರುವುದು ಯೋಗ್ಯ ಮಾರ್ಗ. ಸಣ್ಣ ಆಂಪ್ಲಿಫೈಯರ್ ತಯಾರಕರೂ ವಾಲ್ವನ್ನು ಮಿತಿಯೊಳಗೆ ದುಡಿಸುವ ವಿನ್ಯಾಸಕ್ಕೆ ಆದ್ಯತೆ ನೀಡಬೇಕು.

ಹಳೆಯ ವಾಲ್ವುಗಳಿಗೆ ಕೀರ್ತಿ ತಂದುದು ಕಾಲವಲ್ಲ, ಪಟ್ಟುಹಿಡಿದು ಗುಣಮಟ್ಟ ಕೇಳಿದ ಗ್ರಾಹಕ ಮತ್ತು ಅದನ್ನು ಒದಗಿಸಿದ ತಯಾರಕ. ಈ ಸಂಬಂಧ ಮರಳಿದರೆ ಹೊಸ ವಾಲ್ವೂ ಬಾಳೀತು. ಹಳೆಯ ದಾಸ್ತಾನಾದರೋ ಒಂದು ದಿನ ಮುಗಿಯಲೇಬೇಕು.