ಜೌಗಿನ ಒಡೆಯರು ಯಾರು?

ಬೆಟ್ಟದ ಮೇಲಿನ ಜೌಗು ನೆಲಕ್ಕೆ ಮತ್ತೆ ನೀರು ನಿಲ್ಲಿಸಿದರೆ ಲೋಕಕ್ಕೆ ಕ್ಷೇಮವೆಂದು ಬ್ರಿಟನ್ನಿನ ದೊಡ್ಡ ಜಮೀನ್ದಾರರೂ ಈಗ ಉಪದೇಶಿಸತೊಡಗಿದ್ದಾರೆ. ಮಾತು ನಿಜ. ಆದರೆ ಆ ನೆಲವನ್ನು ಒಣಗಿಸಿದವರು ಯಾರು? ಒಣಗಿಸಿ ಲಾಭ ಉಂಡವರು ಯಾರು?

ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಹಾವಸೆಯು ನೀರಿನಲ್ಲಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು ಕರಿಮಣ್ಣಾಗುತ್ತದೆ. ಅದಕ್ಕೆ ಪೀಟ್ ಎನ್ನುತ್ತಾರೆ. ವರ್ಷಕ್ಕೆ ಅದು ಬೆಳೆಯುವುದು ಸುಮಾರು 1 ಮಿಲಿಮೀಟರ್. ಒಂದು ಮೀಟರ್ ಆಗಲು ಸಾವಿರ ವರ್ಷ ಬೇಕು! ಎರಡನೆಯ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರ ಬೊಕ್ಕಸದಿಂದ ಸಹಾಯಧನ ಕೊಟ್ಟು ಇಂಥ ಗುಡ್ಡಗಳಲ್ಲಿ ಕಾಲುವೆ ತೋಡಿಸಿತು. ಕುರಿಗೆ ಮೇವು ಹೆಚ್ಚಲಿ, ದೊರೆಗಳ ಬೇಟೆಗೆ ಗ್ರೌಸ್ ಹಕ್ಕಿ ಹೆಚ್ಚಲಿ ಎಂದು. ನೀರು ಬಸಿದುಹೋಯಿತು, ಗಾಳಿ ಹೊಕ್ಕಿತು, ಮಣ್ಣಿನಲ್ಲಿ ಅಡಗಿದ್ದ ಇಂಗಾಲ ಆಕಾಶಕ್ಕೇರಿತು. ನಷ್ಟ ಸರ್ವರದು, ಬೇಟೆ ಕೆಲವರದು.

ದಕ್ಷಿಣ ಸ್ಕಾಟ್ಲೆಂಡಿನಲ್ಲಿ ಲ್ಯಾಂಗ್‌ಹೋಮ್ ಎಂಬುದು ನೇಯ್ಗೆಯ ಊರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸುತ್ತಲ ಗುಡ್ಡ ಬಕ್ಲೂ ಡ್ಯೂಕರ ಎಸ್ಟೇಟಿನದು. 1759ರ ತೀರ್ಪಿನಿಂದ ಊರಿಗೆ ಉಳಿದ ಗೋಮಾಳದ ಎಲ್ಲೆಯನ್ನು ಜನ ಇಂದಿಗೂ ಪ್ರತಿ ಜುಲೈನಲ್ಲಿ ಕುದುರೆಯೇರಿ ಸುತ್ತಿ ಬರುತ್ತಾರೆ. ಎಲ್ಲೆಯನ್ನು ಮರೆಯದ ಆ ಜನ 2021ರಲ್ಲಿ 38 ಲಕ್ಷ ಪೌಂಡು ತೆತ್ತು 5,200 ಎಕರೆ, 2022ರಲ್ಲಿ 22 ಲಕ್ಷ ತೆತ್ತು 5,300 ಎಕರೆ ಕೊಂಡರು. ಸರ್ಕಾರದ ಭೂನಿಧಿಯ ಜೊತೆಗೆ ಸಾವಿರಾರು ಸಾಮಾನ್ಯರ ಚಂದಾ ಹಣ ಸೇರಿತು. ಇಂದು ಅದು ಟ್ಯಾರಸ್ ಕಣಿವೆಯ ನಿಸರ್ಗಧಾಮ. ಜೌಗನ್ನು ಬದುಕಿಸುವುದು, ಕಾಡು ಬೆಳೆಸುವುದು, ಊರಿನವರಿಗೆ ಕೆಲಸ ಹುಟ್ಟಿಸುವುದು ಅದರ ಗುರಿ.

ಲೆಕ್ಕ ನೋಡಿ: ಒಡೆಯರಿಗೆ 60 ಲಕ್ಷ ಪೌಂಡು, ಜನರಿಗೆ ದುರಸ್ತಿಯ ದುಡಿಮೆ. ಇದೇ ಸಮಾಜವಾದವೇ ಎಂದು ಕೇಳಿದರೆ, ಅಲ್ಲ. ಉಳುವವನೇ ಒಡೆಯನೆಂದು ಹೇಳುವ ನಾವು ಈ ಬೆಲೆಯನ್ನು ನ್ಯಾಯವೆನ್ನಲಾರೆವು. ಆದರೂ ಲ್ಯಾಂಗ್‌ಹೋಮಿನವರನ್ನು ಹಳಿಯುವವರೊಡನೆ ನಾನಿಲ್ಲ. ಏಕೆಂದರೆ ಜೌಗು ಹಿಡಿದಿಡುವ ಇಂಗಾಲಕ್ಕೂ ಈಗ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. ಹೊಗೆಯುಗುಳುವ ಕಂಪನಿ ಆ ಲೆಕ್ಕವನ್ನು ಕೊಂಡು ತನ್ನ ಪಾಪ ತೊಳೆದೆನೆನ್ನುತ್ತದೆ. ಆ ಆಸೆಯಿಂದಲೇ ಹಣವಂತರು ಸ್ಕಾಟಿಷ್ ಗುಡ್ಡಗಳನ್ನು ಕೊಳ್ಳುತ್ತಿದ್ದಾರೆ. ನಿನ್ನೆ ಒಣಗಿಸಿ ಲಾಭ, ಇಂದು ನೆನೆಸಿ ಲಾಭ! ಬೇಟೆಯ ದೊರೆ ಹೋಗಿ ಇಂಗಾಲದ ದೊರೆ ಬಂದರೆ ಊರಿಗೆ ದಕ್ಕುವುದೇನು?

ಕಾಲುವೆಗೆ ಅಡ್ಡಗಟ್ಟೆ ಹಾಕಿದರೆ ನೀರು ನಿಲ್ಲುತ್ತದೆ, ಹಾವಸೆ ಮರಳುತ್ತದೆ. ಅದಕ್ಕೆ ವಿಜ್ಞಾನ ಸಾಕು. ನೆಲದ ಫಲ ಹೊರಗೆ ಹರಿದುಹೋಗದಂತೆ ಕಟ್ಟೆ ಹಾಕಲು ಮಾತ್ರ ನೆಲವೇ ಜನರದಾಗಬೇಕು. ಮೊದಲನೆಯ ಕಟ್ಟೆಯನ್ನು ಹೊಗಳಿ ಎರಡನೆಯದರ ಬಗ್ಗೆ ಮೌನವಾಗಿರುವವರ ನಿಸರ್ಗಪ್ರೇಮವನ್ನು ನಂಬಬೇಡಿ.