ಹಿರಿಯರ ಆರೋಗ್ಯ ವಿಮೆ: ಆಸ್ಪತ್ರೆಯ ಆಚೆಗಿನ ಖರ್ಚು



ಎಪ್ಪತ್ತು ವರ್ಷ ತುಂಬಿದ ಎಲ್ಲ ಹಿರಿಯರಿಗೂ ಆದಾಯದ ಭೇದವಿಲ್ಲದೆ ಆಸ್ಪತ್ರೆಯ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ವಯ ವಂದನಾ ಕಾರ್ಡಿಗೆ ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು ಚಾಲನೆ ನೀಡಿತು. ವರ್ಷಕ್ಕೆ 5 ಲಕ್ಷ ರೂಪಾಯಿ ಮಿತಿ. ಒಂದೇ ಮನೆಯಲ್ಲಿ ಇಬ್ಬರು ಹಿರಿಯರಿದ್ದರೆ ಅದನ್ನು ಹಂಚಿಕೊಳ್ಳಬೇಕು. ‘ಇನ್ನು ಹಳೆಯ ವಿಮೆಯನ್ನು ನಿಲ್ಲಿಸಬಹುದೇ?’ ಎಂದು ಶ್ರೀಮಠಕ್ಕೆ ಬರುವ ಅನೇಕರು ಕೇಳುತ್ತಿದ್ದಾರೆ. ಅವಸರ ಬೇಡವೆಂಬುದು ನಮ್ಮ ಅಭಿಪ್ರಾಯ.

ಈ ಯೋಜನೆಯು ಮುಖ್ಯವಾಗಿ ಒಳರೋಗಿಗಳಿಗೆ ಮೀಸಲು. ಡಯಾಲಿಸಿಸ್‌ನಂತಹ ದಿನದ ಚಿಕಿತ್ಸೆಗಳೂ ಪಟ್ಟಿಯಲ್ಲಿವೆ. ಔಷಧದ ವಿಷಯದಲ್ಲಿ ಮಾತ್ರ ಅದರ ಕೈ ಚಿಕ್ಕದು: ದಾಖಲಾಗುವ ಮುನ್ನ 3 ದಿನ, ಬಿಡುಗಡೆಯ ಬಳಿಕ 15 ದಿನ. ಮಧುಮೇಹ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಒಟ್ಟಿಗೇ ಇರುವವರಿಗೆ ಹದಿನಾರನೆಯ ದಿನದಿಂದಲೇ ನಿಜವಾದ ಹೊರೆ ಆರಂಭವಾಗುತ್ತದೆ. ದಾಸೋಹದ ಪಂಕ್ತಿಯಲ್ಲಿ ಕುಳಿತು, ತಿಂಗಳ ಕೊನೆಯೆಂದು ಮಾತ್ರೆಯನ್ನು ಅರ್ಧ ಮುರಿದು ನುಂಗುವ ಹಿರಿಯರನ್ನು ನಾವು ಕಂಡಿದ್ದೇವೆ.

ಆದ್ದರಿಂದ ಆಯ್ಕೆಯ ಅಳತೆಗೋಲು ಲಕ್ಷಗಳ ಮೊತ್ತವಲ್ಲ, ಔಷಧದ ಚೀಟಿ. ಸಿಜಿಎಚ್‌ಎಸ್ ಅಥವಾ ಇಸಿಎಚ್‌ಎಸ್ ಸೌಲಭ್ಯವುಳ್ಳ ನಿವೃತ್ತರು, ಮಾಜಿ ಸೈನಿಕರು ಅದನ್ನೋ ಈ ಕಾರ್ಡನ್ನೋ, ಒಂದನ್ನೇ ಆರಿಸಿಕೊಳ್ಳಬೇಕು. ಹೊರರೋಗಿ ತಪಾಸಣೆ ಹಾಗೂ ನಿತ್ಯದ ಔಷಧ ಅವುಗಳಲ್ಲಿಯೇ ದೊರೆಯುವುದರಿಂದ, ಬಹುರೋಗಗಳುಳ್ಳವರು ಅವನ್ನು ಬಿಟ್ಟುಕೊಡುವುದು ನಮ್ಮ ದೃಷ್ಟಿಯಲ್ಲಿ ನಷ್ಟವೇ ಸರಿ.

ಖಾಸಗಿ ವಿಮೆಯುಳ್ಳವರಿಗೆ ಇಂತಹ ನಿರ್ಬಂಧವಿಲ್ಲ, ಎರಡನ್ನೂ ಇಟ್ಟುಕೊಳ್ಳಬಹುದು. ಹೊಸ ವಿಮೆಗೆ ಇದ್ದ 65 ವರ್ಷಗಳ ಮಿತಿಯು 2024ರ ಏಪ್ರಿಲ್‌ನಿಂದ ತೆರವಾಗಿದೆ. ಆದರೂ ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ 3 ವರ್ಷ ಕಾಯಬೇಕಾಗಬಹುದು. ಈ ಅವಧಿ ಮುಗಿಸಿದ ಹಳೆಯ ಪಾಲಿಸಿಯನ್ನು ಕೈಬಿಟ್ಟರೆ ಎಪ್ಪತ್ತೆರಡರಲ್ಲಿ ಮತ್ತೆ ಮೊದಲಿನಿಂದ ಎಣಿಸಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿರುವುದು ತಕ್ಕಮಟ್ಟಿನ ಸಮಾಧಾನ. ಬಿಲ್ಲಿನಲ್ಲಿ ರೋಗಿಯೇ ಭರಿಸಬೇಕಾದ ಪಾಲು ಎಷ್ಟೆಂಬುದನ್ನು ಮಾತ್ರ ಏಜೆಂಟರ ಬಾಯಿಮಾತಿಗೆ ಬಿಡದೆ ಪತ್ರದಲ್ಲಿಯೇ ಓದಬೇಕು.

ನಿತ್ಯದ ಮಾತ್ರೆಗಳಿಗೆ ವಿಮೆಗಿಂತ ಜನೌಷಧಿ ಕೇಂದ್ರವೇ ಹೆಚ್ಚು ನೆರವಾದೀತು. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲನಾಮ ಬರೆಯುವಂತೆ ವೈದ್ಯರನ್ನು ಕೋರಬೇಕು. ಮಧುಮೇಹ, ರಕ್ತದೊತ್ತಡದ ಸಾಮಾನ್ಯ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಕಾರ್ಡ್ ಮಾಡಿಸಿದವರು ತಾವು ಹೋಗುವ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ, ತಮಗೆ ಬೇಕಾದ ವಿಭಾಗಕ್ಕೂ ಅದು ಅನ್ವಯಿಸುತ್ತದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ಅಲ್ಲಿನ ಆರೋಗ್ಯ ಮಿತ್ರರಲ್ಲಿ ಮುಂಚಿತವಾಗಿಯೇ ವಿಚಾರಿಸಬೇಕು. ಆಧಾರ್ ಕಾರ್ಡಿನೊಡನೆ ಔಷಧದ ಚೀಟಿಗಳನ್ನೂ ಒಯ್ಯಬೇಕು.